ಡಯಲ್ ಮುಟ್ಬೇಡಿ ಸ್ವಾಮಿ!

"ಅತಿ ಅಪರೂಪದ, ಎರಡನೇ ಮಹಾಯುದ್ಧದ, ಇಂಡಿಯನ್ ಆರ್ಮಿ ಮಿಲಿಟರಿ ವಾಚು. 17 ಜ್ಯುವೆಲ್. ಪೂರ್ತಿ ರಿಸ್ಟೋರ್ ಮಾಡಿದ್ದು. ಹೊಸದರ ಹಾಗಿದೆ. ಬೆಲೆ 1,800 ರೂಪಾಯಿ."

ಇಂಟರ್ನೆಟ್ಟಿನಲ್ಲಿ ಹಳೇ ವಾಚು ಹುಡುಕುವ ಯಾರಿಗೇ ಆದರೂ ಈ ಧಾಟಿ ಬಾಯಿಪಾಠ ಆಗಿರುತ್ತೆ. ಫೋಟೋದಲ್ಲಿ ಮಿರಮಿರ ಮಿಂಚುವ ಕಪ್ಪು ಡಯಲ್, ಅದರ ಮೇಲೆ ಬಿಳೀ ಅಂಕಿಗಳು, ಮಧ್ಯದಲ್ಲೊಂದು ಬಾಣದ ಗುರುತು. ಒಂದೊಂದರಲ್ಲಿ ಅಡ್ಡ ಕತ್ತಿಗಳೂ ಇರುತ್ತೆ, ಮತ್ತೊಂದರಲ್ಲಿ ಕೆಂಪು ಶಿಲುಬೆ. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಟಿಕ್ ಟಿಕ್ ಅಂತಿರೋದು ನಮ್ಮ ಬೆಂಗಳೂರಿನ ಎಚ್ಎಂಟಿ! ಯುದ್ಧ ಮುಗಿದದ್ದು 1945ರಲ್ಲಿ. ಜಪಾನಿನ ಸಿಟಿಝನ್ ಕಂಪನಿ ಜೊತೆ ಸೇರಿ ಎಚ್ಎಂಟಿ ವಾಚು ಕಾರ್ಖಾನೆ ಶುರು ಮಾಡಿದ್ದು 1961ರಲ್ಲಿ. ಹದಿನಾರು ವರ್ಷ ಹಿಂದಕ್ಕೆ ಹೋಗಿ ಯುದ್ಧ ಮಾಡಿ ಬಂದ ವಾಚು ಅದು. ಇನ್ನೂ ತಮಾಷೆ ಬೇಕಾ? ಜರ್ಮನ್ ವಾಯುಪಡೆಯ ಹದ್ದು ಕೂತ ಎಚ್ಎಂಟಿ ಕೂಡ ನೋಡಿದ್ದೀನಿ. ಹಿಟ್ಲರನ ಪೈಲಟ್ಟುಗಳಿಗೆ ಜಾಲಹಳ್ಳಿಯಿಂದ ಸಪ್ಲೈ ಆಗಿತ್ತು ಅನ್ಸುತ್ತೆ :)

ನಕ್ಕು ಸುಮ್ಮನಾಗಬಹುದಿತ್ತು. ಆದರೆ ನನಗೆ ಸುಮ್ಮನಾಗೋಕೆ ಆಗ್ತಿಲ್ಲ, ಯಾಕೆ ಅಂತ ಹೇಳ್ತೀನಿ ಕೇಳಿ.

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಗೇರು, ಸ್ಪ್ರಿಂಗು ಅಂತ ನಾಲ್ಕು ವರ್ಷ ಓದಿದ್ದಕ್ಕೆ ಉಳಿದಿರೋ ಒಂದೇ ನಂಟು ಅಂದ್ರೆ ಈ ಹಳೇ ಮಿಲಿಟರಿ ವಾಚುಗಳ ಹುಚ್ಚು. ಸಂಬಳದಲ್ಲಿ ಮಿಗಿಸಿ ಒಂದೊಂದೇ ಸೇರಿಸ್ತಾ ಬಂದಿದ್ದೀನಿ. ಈ ಹುಚ್ಚು ಇಲ್ಲದವರು ಕೇಳೋ ಮೊದಲ ಪ್ರಶ್ನೆ, "ಮಿಲಿಟರಿ ವಾಚು ಅಂದ್ರೆ ಏನು ವಿಶೇಷ? ಅದೂ ಟೈಮೇ ತಾನೇ ತೋರಿಸೋದು?" ಒಳ್ಳೇ ಪ್ರಶ್ನೆ. ಉತ್ತರ ಕೊಡದೆ ನನ್ನ ಜಗಳ ಅರ್ಥ ಆಗಲ್ಲ.

ಕಪ್ಪು ಡಯಲ್ ಇದ್ದ ಮಾತ್ರಕ್ಕೆ ವಾಚು ಮಿಲಿಟರಿ ಆಗಲ್ಲ. ಹೆಸರಿನಿಂದಲೂ ಆಗಲ್ಲ. ಎಚ್ಎಂಟಿ ಪೈಲಟ್ ಅನ್ನೋ ವಾಚು ಶೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು, ಮೇಷ್ಟ್ರುಗಳು, ಗುಮಾಸ್ತರು ಎಲ್ಲಾ ಕಟ್ಟಿದ್ದಾರೆ. ಸೈನ್ಯ ತನಗೆ ಇಂಥದ್ದೇ ಬೇಕು ಅಂತ ಬರೆದುಕೊಟ್ಟು, ಮಾಡಿಸಿ, ಗುರುತು ಹಾಕಿ, ನಂಬರ್ ಬರೆದುಕೊಂಡು, ಒಬ್ಬನ ಕೈಗೆ ಕೊಟ್ಟು, ಆಮೇಲೆ ವಾಪಸ್ ಇಸ್ಕೊಂಡ ವಾಚು ಮಿಲಿಟರಿ ವಾಚು. ಅದು ಕಟ್ಟಿಕೊಂಡವನ ಸ್ವತ್ತೇ ಅಲ್ಲ, ಸರ್ಕಾರದ ಸ್ವತ್ತು. ಬಂದೂಕು, ಬೂಟು ಇದ್ದ ಹಾಗೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಮಾಡಿಸಿದ ವಾಚನ್ನೇ ತಗೊಳ್ಳಿ. ಕಪ್ಪು ಡಯಲ್, ಅಂಕಿಗಳು, ರೈಲು ಹಳಿ ಥರ ನಿಮಿಷದ ಗೆರೆ, ಆರರ ಜಾಗದಲ್ಲಿ ಪುಟ್ಟ ಸೆಕೆಂಡ್ ಮುಳ್ಳು, ಕತ್ತಲಲ್ಲಿ ಹೊಳೆಯೋ ಮುಳ್ಳುಗಳು, ಒಡೆದರೆ ಚೂರಾಗದ ಗಾಜು, ನೀರು ಹೋಗದ ಕೇಸು, 15 ಜ್ಯುವೆಲ್ಲಿನ ಯಂತ್ರ. ಇಷ್ಟೂ ಷರತ್ತು ಬರೆದುಕೊಟ್ಟು ಹನ್ನೆರಡು ಸ್ವಿಸ್ ಕಾರ್ಖಾನೆಗಳಿಂದ ಮಾಡಿಸಿದರು. ಬ್ಯೂರೆನ್, ಸೀಮಾ, ಎಟರ್ನಾ, ಗ್ರಾನಾ, ಐಡಬ್ಲ್ಯೂಸಿ, ಜೇಗರ್ ಲಿಕೂಲ್ತ್ರ್, ಲೆಮಾನಿಯಾ, ಲಾಂಜೀನ್, ಒಮೆಗಾ, ರೆಕಾರ್ಡ್, ಟೈಮರ್, ವರ್ಟೆಕ್ಸ್. ಇವತ್ತು ಸಂಗ್ರಾಹಕರು ಇವನ್ನ 'ಡರ್ಟಿ ಡಜನ್' ಅಂತಾರೆ, 1967ರ ಸಿನಿಮಾದ ಹೆಸರು. ಸೈನ್ಯ ಇಟ್ಟ ಹೆಸರು ಬರೀ ಮೂರು ಡಬ್ಲ್ಯೂ: ವಾಚ್, ರಿಸ್ಟ್, ವಾಟರ್‌ಪ್ರೂಫ್. ನಮ್ಮ ಸರ್ಕಾರಿ ಸ್ಟೋರಿನ ರಿಜಿಸ್ಟರಿನಲ್ಲಿ "ಕುರ್ಚಿ, ಮರದ್ದು, ಕೈ ಇಲ್ಲದ್ದು" ಅಂತ ಬರೀತಾರಲ್ಲ, ಹಂಗೆ. ನನಗಂತೂ ಸಿನಿಮಾ ಹೆಸರಿಗಿಂತ ಈ ಗುಮಾಸ್ತನ ಹೆಸರೇ ಇಷ್ಟ. ವರ್ಲ್ಡ್ ವೈಡ್ ವೆಬ್ ಬರೋದಕ್ಕೆ ನಾಲ್ಕು ದಶಕ ಮುಂಚಿನ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ!

ಈ ವಾಚುಗಳ ಬೆನ್ನ ಮೇಲೆ ಸರ್ಕಾರಿ ಬಾಣ, ಸೈನ್ಯದ ನಂಬರು, ಕಾರ್ಖಾನೆಯ ನಂಬರು ಕೆತ್ತಿರ್ತಾರೆ. ಪಟ್ಟಿ ಹಾಕುವ ಕಡ್ಡಿ ಕೇಸಿಗೇ ಕೂಡಿಸಿರುತ್ತೆ, ಸ್ಪ್ರಿಂಗ್ ಕಡ್ಡಿಯ ಹಾಗೆ ಎಗರಿ ವಾಚು ಕಳೆದುಹೋಗದ ಹಾಗೆ. ಅದೇ ಯುದ್ಧದಲ್ಲಿ ಅಮೆರಿಕದವರು ಎಲ್ಜಿನ್, ವಾಲ್ತಾಮ್, ಬುಲೋವಾ ಕಂಪನಿಗಳಿಂದ ಮಾಡಿಸಿದ ಎ-11 ವಾಚಿನದು ಇನ್ನೊಂದು ಜಾಣತನ. ಕೀಲಿ ಹೊರಕ್ಕೆ ಎಳೆದರೆ ಒಳಗೊಂದು ಪುಟ್ಟ ಸನ್ನೆ ಹೋಗಿ ಬ್ಯಾಲೆನ್ಸ್ ಚಕ್ರವನ್ನ ಹಿಡಿದು ನಿಲ್ಲಿಸುತ್ತೆ. ಎಲ್ಲರೂ ಸೆಕೆಂಡ್ ಮುಳ್ಳನ್ನ ಹನ್ನೆರಡಕ್ಕೆ ತಂದು ನಿಲ್ಲಿಸಿ, ಅಧಿಕಾರಿ ಹೂಂ ಅಂದ ತಕ್ಷಣ ಒಟ್ಟಿಗೆ ಕೀಲಿ ಒತ್ತಬೇಕು. ನಾವು ಇವತ್ತು ಸರ್ವರುಗಳ ಗಡಿಯಾರ ಹೊಂದಿಸೋಕೆ ಪಡೋ ಪಾಡನ್ನ ಅವರು ಒಂದು ತಗಡಿನ ಚೂರಲ್ಲಿ ಮುಗಿಸಿದ್ದರು.

ಇಷ್ಟುದ್ದ ಕೊರೆದದ್ದು ಯಾಕಂದ್ರೆ, ಮಿಲಿಟರಿ ವಾಚಿನಲ್ಲಿ ಪ್ರತಿ ಗೆರೆಗೂ ಒಂದು ಕಾರಣ ಇದೆ, ಪ್ರತಿ ಗುರುತಿಗೂ ಒಂದು ಕಡತ ಇತ್ತು. ನಮ್ಮ ಭಾಷೇಲಿ ಹೇಳೋದಾದ್ರೆ ಡಯಲ್ ಅನ್ನೋದು ಲಾಗ್ ಫೈಲ್. ಯಾವಾಗ ಹುಟ್ಟಿತು, ಎಷ್ಟು ಬಿಸಿಲು ಕುಡೀತು, ಯಾವಾಗ ನೀರು ಒಳಹೋಯ್ತು, ಯಾರು ರಿಪೇರಿ ಮಾಡಿದರು, ಎಲ್ಲಾ ಅಲ್ಲಿ ದಾಖಲಾಗಿರುತ್ತೆ. ಅದನ್ನ ಕೆರೆದು ಹಾಕಿ ಹೊಸ ಬಣ್ಣ ಬಳಿದು "ರಿಸ್ಟೋರ್ ಮಾಡಿದ್ದೀನಿ" ಅನ್ನೋದು, ಪ್ರೊಡಕ್ಷನ್ ಸರ್ವರಿನ ಲಾಗು ಅಳಿಸಿ "ಕ್ಲೀನ್ ಮಾಡಿದ್ದೀನಿ ಸಾರ್" ಅಂದ ಹಾಗೆ. ನಮ್ಮ ಆಫೀಸಲ್ಲಿ ಯಾರಾದ್ರೂ ಹಂಗೆ ಮಾಡಿದರೆ ಅವತ್ತೇ ಮನೆಗೆ ಕಳಿಸ್ತಾರೆ. ವಾಚಿನ ವಿಷಯಕ್ಕೆ ಬಂದರೆ ಲೈಕು, ಚಪ್ಪಾಳೆ!

ಈ ಕೆಲಸ ನಡೆಯೋದು ಹೀಗೆ. ಒಂದು ಹಳೇ ಜನತಾ ಅಥವಾ ಪೈಲಟ್ ಸಿಗುತ್ತೆ, ಇಲ್ಲಾ ಹಳೇ ಸ್ವಿಸ್ ವಾಚು. ಡಯಲ್ ಬಿಚ್ಚಿ ಮೂಲ ಬಣ್ಣ ತೆಗೀತಾರೆ, ಹೊಸ ಬಣ್ಣ ಹೊಡೀತಾರೆ, ಅಂಕಿ-ಬಾಣ ಅಚ್ಚು ಹಾಕ್ತಾರೆ. ಕೇಸನ್ನ ಚಕ್ರಕ್ಕೆ ಹಿಡಿದು ಉಜ್ಜೀ ಉಜ್ಜೀ ಅಂಚುಗಳೆಲ್ಲಾ ಸಬೂನಿನ ಬಿಲ್ಲೆ ಥರ ದುಂಡಗಾಗುತ್ತೆ, ಹಿಂದಿನ ಅಕ್ಷರಗಳು ಮಾಸಿಹೋಗುತ್ತೆ. ಮುಳ್ಳು ಇನ್ಯಾವುದೋ ವಾಚಿನದ್ದು, ಕೀಲಿ ಮತ್ಯಾವುದರದ್ದೋ. ಹೊರದೇಶದ ಸಂಗ್ರಾಹಕರು ಇದಕ್ಕೆ 'ಮುಂಬೈ ಸ್ಪೆಷಲ್' ಅಂತ ಹೆಸರಿಟ್ಟು ನಗ್ತಾರೆ. ನಗಲಿ, ನನಗೆ ಅದರಿಂದ ಮಾನ ಹೋಗಲ್ಲ. ಹೋಗ್ತಿರೋದು ಬೇರೆ ಏನೋ.

ಕಂಡುಹಿಡಿಯೋದು ಕಷ್ಟವೇನಲ್ಲ, ಗಮನ ಬೇಕು ಅಷ್ಟೆ. ನಿಮಿಷದ ಗೆರೆಗೂ ಅಂಕಿಗೂ ಹೊಂದಲ್ಲ, ಮುಳ್ಳು ಗೆರೆವರೆಗೂ ತಲುಪಲ್ಲ, ಅಕ್ಷರಗಳು ದಪ್ಪ ದಪ್ಪ. ಮೂರು ಡಬ್ಲ್ಯೂ ವಾಚು ಅಂತ ಹೇಳ್ತಾರೆ, ಸೆಕೆಂಡ್ ಮುಳ್ಳು ಮಾತ್ರ ನಡುಮಧ್ಯದಲ್ಲಿ! ಜನತಾ, ಪೈಲಟ್‌ಗಳ ಯಂತ್ರದಲ್ಲಿ ಸೆಕೆಂಡ್ ಮುಳ್ಳು ಇರೋದೇ ಮಧ್ಯದಲ್ಲಿ, ಬಣ್ಣ ಬಳಿಯೋನು ಅದನ್ನೇನು ಆರರ ಜಾಗಕ್ಕೆ ಎತ್ತಿಡೋಕೆ ಆಗುತ್ತಾ? ಜರ್ಮನ್ ಪೈಲಟ್ ವಾಚು ಅಂತಾರೆ. ಎ ಲಾಂಗೆ, ಲಾಕೋ, ಸ್ಟೋವಾ, ವೆಂಪೆ, ಐಡಬ್ಲ್ಯೂಸಿ ಮಾಡಿದ ಅಸಲಿ ನ್ಯಾವಿಗೇಟರ್ ವಾಚಿನ ಅಗಲ 55 ಮಿಲಿಮೀಟರ್, ಮಜ್ಜಿಗೆ ಲೋಟದ ಬಾಯಷ್ಟು. ಮಾರೋದು ಪೈಲಟ್ ಕೇಸಿನ ಸುಮಾರು 35ರದ್ದು.

ಇನ್ನು ಹೊಳೆಯೋ ಬಣ್ಣ. ಆಗ ಬಳೀತಿದ್ದದ್ದು ರೇಡಿಯಂ. ರೇಡಿಯಂ-226 ಅರ್ಧಕ್ಕೆ ಇಳಿಯೋಕೆ ಸುಮಾರು 1600 ವರ್ಷ ಬೇಕು, ಆದರೆ ಅದರ ಜೊತೆ ಬೆರೆಸಿದ ಜಿಂಕ್ ಸಲ್ಫೈಡ್ ಕೆಲವೇ ದಶಕದಲ್ಲಿ ಸುಟ್ಟು ಸೋತುಹೋಗುತ್ತೆ. ಹಾಗಾಗಿ 1945ರ ವಾಚು ಇವತ್ತು ಹೊಳೆಯಲ್ಲ, ವಿಕಿರಣ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. "ರಾತ್ರಿಯಿಡೀ ಹಸಿರು ಹೊಳೆಯುತ್ತೆ ಸಾರ್" ಅಂದರೆ ಅದರ ಬಣ್ಣ 1993ರಲ್ಲಿ ಜಪಾನಿನ ನೆಮೊಟೊ ಕಂಪನಿ ಕಂಡುಹಿಡಿದ ಲ್ಯೂಮಿನೋವಾ ಜಾತಿಯದ್ದು ಅಂತ ತಿಳ್ಕೊಳ್ಳಿ. ಇಲ್ಲೇ ನನಗೆ ನಗು ನಿಂತುಹೋಗೋದು. ಹಳೇ ರೇಡಿಯಂ ಡಯಲ್ ಸಿಕ್ಕಿ ಅದನ್ನ ಕೆರೆದರೆ ಆ ಧೂಳು ಎಲ್ಲಿಗೆ ಹೋಗುತ್ತೆ? ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಮೂಗಿನಿಂದ ಗೇಣುದ್ದ ದೂರದಲ್ಲಿ ಡಯಲ್ ಹಿಡಿದು ಕೂತವನ ಎದೆಯೊಳಕ್ಕೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬ್ರಷ್ಷನ್ನ ತುಟಿಯಲ್ಲಿ ಚೂಪು ಮಾಡಿಕೊಂಡು ಗಡಿಯಾರಕ್ಕೆ ರೇಡಿಯಂ ಬಳೀತಿದ್ದ ಹುಡುಗಿಯರ ದವಡೆ ಮೂಳೆ ಕೊಳೆತು ಕೋರ್ಟಿಗೆ ಹೋದದ್ದು, 1928ರಲ್ಲಿ ರಾಜಿಯಾದದ್ದು, ಹುಡುಕಿದರೆ ಯಾರಿಗಾದರೂ ಸಿಗುತ್ತೆ. ಅದಾಗಿ ನೂರು ವರ್ಷ ಆಗ್ತಾ ಬಂತು. ನಮ್ಮ ಶೋಕಿಗೆ ಇವತ್ತೂ ಯಾರೋ ಒಬ್ಬ ಅದನ್ನ ಉಸಿರಾಡಬೇಕಾ?

ಇದನ್ನೆಲ್ಲಾ ಹೇಳಿದಾಗ ನನ್ನ ಜೊತೆ ಜಗಳಕ್ಕೆ ಬರೋರ ವಾದಗಳು ನನಗೀಗ ಕಂಠಪಾಠ.

ಮೊದಲನೇದು, "1,800 ರೂಪಾಯಿಗೆ ಏನು ಮಹಾ ಮೋಸ ಗುರು? ಪಿಜ್ಜಾ ತಿಂದ ಹಾಗೆ." ನಮ್ಮ ಟೀಮಿನ ಗೆಳೆಯನೊಬ್ಬ ಇಂಥದ್ದೇ ಒಂದನ್ನ ಕಟ್ಟಿಕೊಂಡು ಬಂದು ಹೇಳಿದ ಮಾತು ಇದು. ನಿನ್ನ ದುಡ್ಡು ನಿನ್ನಿಷ್ಟ ಮಾರಾಯ, ನಿನ್ನ 1,800ರ ಚಿಂತೆ ನನಗಿಲ್ಲ. ಆದರೆ ಆ ವಾಚು ಹುಟ್ಟಿದಾಗ ಜನತಾ ಆಗಿತ್ತು. ಬೆಂಗಳೂರಿನಲ್ಲೋ ತುಮಕೂರಿನಲ್ಲೋ ಒಬ್ಬ ಹೆಣ್ಣುಮಗಳು ಜೋಡಿಸಿದ್ದಿರಬಹುದು. ಯಾರದೋ ಮದುವೆಗೆ ಮಾವ ಕೊಟ್ಟದ್ದಿರಬಹುದು. ಎಚ್ಎಂಟಿ ವಾಚು ಕಂಪನಿಯನ್ನ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2016ರ ಜನವರಿಯಲ್ಲಿ. ತುಮಕೂರಿನ ಕಾರ್ಖಾನೆ ಜಾಗ ಇಸ್ರೋಗೆ ಹೋಯ್ತು. ಆ ಮೂಲ ಡಯಲ್ಲುಗಳನ್ನ ಅಚ್ಚು ಹಾಕಿದ ಆ ಕಾಲ ಮತ್ತೆ ಬರಲ್ಲ, ಇರೋದು ಇದ್ದಷ್ಟೇ. ಸುಳ್ಳು ಮಿಲಿಟರಿ ವಾಚು ಒಂದು ಹುಟ್ಟಬೇಕಾದರೆ ನಿಜವಾದ ಜನತಾ ಒಂದು ಸಾಯಬೇಕು. ಜವಾನ್ ಅಂತೂ ಇನ್ನೂ ಪಾಪ. ಹೆಸರಲ್ಲೇ ಸೈನಿಕ ಇದ್ದಾನೆ, ಡಯಲ್ಲಿನ ಒಳಸುತ್ತಲ್ಲಿ 13ರಿಂದ 24ರವರೆಗೆ ಅಂಕಿ ಇದೆ. ಅದರ ಮೇಲೂ ಬ್ರಿಟಿಷರ ಬಾಣ ಬರೆದು ಮಾರ್ತಾರೆ! ಇರೋ ಚರಿತ್ರೆ ಅಳಿಸಿ ಇಲ್ಲದ ಚರಿತ್ರೆ ಬರೆಯೋ ಬುದ್ಧಿಗೆ ಏನಂತೀರಾ?

ಎರಡನೇದು ಸ್ವಲ್ಪ ಓದಿಕೊಂಡವರ ವಾದ. "ಬ್ರಿಟಿಷ್ ರಕ್ಷಣಾ ಇಲಾಖೆಯೇ ಡಯಲ್ ಬದಲಾಯಿಸಿತ್ತಲ್ಲ?" ಹೌದು, ಬದಲಾಯಿಸಿತ್ತು. ಯುದ್ಧ ಮುಗಿದ ಮೇಲೆ ಅದೇ ಡರ್ಟಿ ಡಜನ್ನಿನ ಎಷ್ಟೋ ವಾಚುಗಳ ರೇಡಿಯಂ ಡಯಲ್ ತೆಗೆದು ಟ್ರಿಟಿಯಂ ಹಾಕಿದರು. ಆದರೆ ಹೇಗೆ ಹಾಕಿದರು ನೋಡಿ. ವೃತ್ತದೊಳಗೆ 'ಟಿ' ಅಕ್ಷರ ಬರೆದರು, ಇದು ಟ್ರಿಟಿಯಂ ಅಂತ ಎಲ್ಲರಿಗೂ ಕಾಣೋ ಹಾಗೆ. ಮಾಡಿದ ಬದಲಾವಣೆಯನ್ನ ಮಾಡಿದ್ದೀವಿ ಅಂತ ಬರೆದುಕೊಂಡರು. ಆ ಡಯಲ್ ಸುಳ್ಳು ಹೇಳಲ್ಲ, ಅದೂ ಆ ವಾಚಿನ ಸರ್ವೀಸಿನ ಭಾಗ. ಕೋಡ್ ಬದಲಾಯಿಸಿ ಸರಿಯಾದ ಕಾಮೆಂಟು, ತಾರೀಖು ಹಾಕಿ ಒಪ್ಪಿಸೋದಕ್ಕೂ, ಬೇರೆಯವನ ಲಾಗಿನ್‌ನಲ್ಲಿ ನುಗ್ಗಿ ಹಳೇ ದಾಖಲೆ ತಿದ್ದೋದಕ್ಕೂ ವ್ಯತ್ಯಾಸ ಇಲ್ವಾ? ಅಂದಹಾಗೆ, ಆ ಬಾಣದ ಗುರುತನ್ನ ಅಧಿಕಾರ ಇಲ್ಲದೆ ವಸ್ತುವಿನ ಮೇಲೆ ಹಾಕೋದು ಬ್ರಿಟನ್ನಿನಲ್ಲಿ 1875ರ ಪಬ್ಲಿಕ್ ಸ್ಟೋರ್ಸ್ ಕಾಯ್ದೆ ಪ್ರಕಾರ ಅಪರಾಧ. ಅವರು ಆ ಗುರುತನ್ನ ಅಷ್ಟು ಗಂಭೀರವಾಗಿ ತಗೊಂಡಿದ್ದರು. ನಾವು ಅದನ್ನ ಬೊಟ್ಟಿನ ಥರ ಇಡ್ತೀವಿ.

ಮೂರನೇದು, "ಪಾಪ, ಬಡ ಕುಶಲಕರ್ಮಿಗಳ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?" ಈ ವಾದಕ್ಕೆ ಮಾತ್ರ ನಾನು ತಲೆ ಬಾಗಿಸಿ ಉತ್ತರ ಕೊಡ್ತೀನಿ, ಯಾಕಂದ್ರೆ ಇದರಲ್ಲಿ ಹುರುಳಿದೆ. ಅವೆನ್ಯೂ ರೋಡಿನ ಆಸುಪಾಸಿನಲ್ಲಿ ಒಂದಡಿ ಮೇಜಿನ ಹಿಂದೆ ಕೂತು, ಮುರಿದ ಬ್ಯಾಲೆನ್ಸ್ ಕಡ್ಡಿಯನ್ನ ಕೂದಲೆಳೆಯಷ್ಟು ನಯವಾಗಿ ಕೂಡಿಸೋರನ್ನ ನೋಡಿದ್ದೀನಿ. ನನ್ನ ನಾಲ್ಕು ವರ್ಷದ ಇಂಜಿನಿಯರಿಂಗು ಅವರ ಚಿಮಟದ ಮುಂದೆ ಏನೂ ಅಲ್ಲ. ಅಂಥವರು ಇನ್ನು ಎಷ್ಟು ದಿನ ಇರ್ತಾರೋ. ಅದಕ್ಕೇ ಕೇಳೋದು, ಆ ಕೈಗೆ ನಾವು ಕೊಡೋ ಕೆಲಸ ಬಣ್ಣ ಬಳಿಯೋದಾ? ಯಂತ್ರ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಟೈಮು ಸರಿಮಾಡೋ ಸರ್ವೀಸಿಗೆ 300 ಕೇಳಿದರೆ "200 ಮಾಡ್ಕೊಳ್ಳಿ" ಅಂತ ಚೌಕಾಸಿ ಮಾಡೋ ನಾವು, ಅದೇ ಸಂಜೆ ಕಾಫಿಗೆ 350 ಕೊಡ್ತೀವಿ. ಸರ್ವೀಸಿಗೆ ಸಾವಿರ ಕೊಡಿ, ಧಾರಾಳವಾಗಿ ಕೊಡಿ. ಡಯಲ್ ಪೂರ್ತಿ ಹಾಳಾಗಿ ಬಣ್ಣ ಬಳಿಸಲೇಬೇಕಾ? ಬಳಿಸಿ, ಆದರೆ ಬಾಣ ಬೇಡ, ಹದ್ದು ಬೇಡ. "ಹೊಸ ಬಣ್ಣ, ಇಂಥ ವರ್ಷ" ಅಂತ ಡಯಲ್ಲಿನ ಹಿಂದೆ ಗೀರಿಸಿ, ಮಾರೋವಾಗ ಅದನ್ನೇ ಹೇಳಿ. ಇದರಿಂದ ಯಾವ ಕುಶಲಕರ್ಮಿಯ ಹೊಟ್ಟೆಗೂ ಏಟು ಬೀಳಲ್ಲ. ಏಟು ಬೀಳೋದು ಫೋಟೋ ಹಾಕಿ "ಅತಿ ಅಪರೂಪ" ಅಂತ ಬರೆಯೋ ಮಧ್ಯವರ್ತಿಗೆ. ಬೀಳಲಿ.

ಕೆಲವರು ವಾಚಿನ ಜೊತೆ ಕಥೆ ಕೊಡ್ತಾರೆ. "ಬರ್ಮಾ ಯುದ್ಧಕ್ಕೆ ಹೋಗಿ ಬಂದದ್ದು ಸಾರ್, ಸುಬೇದಾರರ ಮನೇಲಿ ಸಿಕ್ಕಿದ್ದು." ಯಾವ ಸುಬೇದಾರರು, ಯಾವ ಪಲ್ಟಣ, ಕಾಗದ ಇದೆಯಾ ಅಂದರೆ ಮೌನ. ಈ ಕಥೆ ಕಟ್ಟೋದು ನನಗೆ ಬಣ್ಣಕ್ಕಿಂತ ಹೆಚ್ಚು ಕೋಪ ತರಿಸುತ್ತೆ. ಆ ಯುದ್ಧಕ್ಕೆ ನಮ್ಮ ದೇಶದಿಂದ 25 ಲಕ್ಷ ಜನ ಸೇರಿದ್ದರು. 1944ರಲ್ಲಿ ಕೊಹಿಮಾದಲ್ಲಿ ಸತ್ತರು, ಇಟಲಿಯ ಮಾಂಟೆ ಕಸಿನೋದಲ್ಲಿ ಸತ್ತರು. ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸಿನವರು ಸೇತುವೆ ಕಟ್ಟೋಕೆ, ನೆಲಬಾಂಬು ತೆಗೆಯೋಕೆ ಎಲ್ಲೆಲ್ಲಿಗೋ ಹೋದರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಹೆಸರೇ ಇಲ್ಲದ ಆ ಜನರ ಜಾಗದಲ್ಲಿ, ಹೋದ ತಿಂಗಳು ಬಣ್ಣ ಬಳಿದ ವಾಚೊಂದನ್ನ ಕೂರಿಸಿ ಸೆಲ್ಯೂಟ್ ಹೊಡೀತೀವಲ್ಲ, ಇದನ್ನ ದೇಶಪ್ರೇಮ ಅಂತ ಬೇರೆ ಕರೀತಾರೆ.

ನಿಜವಾದದ್ದು ಎಲ್ಲಿದೆ ಗೊತ್ತಾ? ಕೊಡಗಿನಲ್ಲಿ ಸೈನ್ಯಕ್ಕೆ ಹೋದವರಿಲ್ಲದ ಮನೆತನ ಹುಡುಕೋದು ಕಷ್ಟ. ಅಲ್ಲಿನ, ಮತ್ತೆ ಎಲ್ಲಾ ಕಡೆಯ ಹಳೇ ಸೈನಿಕರ ಮನೆಗಳ ಬೀರುವಿನಲ್ಲಿ, ನುಸಿಗುಳಿಗೆ ಪಕ್ಕ, ಪದಕಗಳ ಡಬ್ಬಿಯಲ್ಲಿ ಇರುತ್ತೆ. ನಿಂತುಹೋಗಿರುತ್ತೆ, ಗಾಜು ಹಳದಿ ತಿರುಗಿರುತ್ತೆ, ಡಯಲ್ ಕಂದಿ ಕಾಫಿ ಬಣ್ಣಕ್ಕೆ ಬಂದಿರುತ್ತೆ. ಸೈನ್ಯ ಕೊಟ್ಟದ್ದಲ್ಲದೆ ಸ್ವಂತ ದುಡ್ಡಲ್ಲಿ ಕೊಂಡದ್ದೂ ಇರಬಹುದು, ವೆಸ್ಟ್ ಎಂಡ್ ಕಂಪನಿಯ ಸೋವಾರ್ ಥರದ್ದು. ಅದೂ ಸೈನಿಕನ ವಾಚೇ, ಬಾಣ ಇಲ್ಲದಿದ್ದರೂ. ಅಂಥದ್ದು ನಿಮ್ಮನೇಲಿದ್ದರೆ ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಹೊಳೆಯೋ ಮುಳ್ಳಿನ ಹಳೇ ವಾಚಾದರೆ ನೀವೇ ಚಾಕು ಹಾಕಿ ತೆಗೆಯೋಕೂ ಹೋಗಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಹಿಂದಿನ ನಂಬರಿನ ಫೋಟೋ ತೆಗೀರಿ. ಯಾರದ್ದು, ಯಾವ ಪಲ್ಟಣ, ಯಾವ ವರ್ಷ ಊರಿಗೆ ಬಂದರು ಅಂತ ಗೊತ್ತಿರೋ ಹಿರಿಯರು ಇರೋವಾಗಲೇ ಕೇಳಿ ಒಂದು ಚೀಟೀಲಿ ಬರೆದು, ಅವರ ಡಿಸ್ಚಾರ್ಜ್ ಪುಸ್ತಕದ ಜೊತೆ ಅದೇ ಡಬ್ಬಿಯಲ್ಲಿಡಿ. ವಾಚು ಮತ್ತು ಕಾಗದ ಬೇರೆ ಬೇರೆ ಅಣ್ಣತಮ್ಮಂದಿರ ಪಾಲಿಗೆ ಹೋದರೆ ಎರಡೂ ಅರ್ಧ ಸತ್ತ ಹಾಗೆ. ಡಯಲ್ ಕಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಕಂದಿರೋದೇ ಅದರ ಸರ್ಟಿಫಿಕೇಟು.

ಕೊಳ್ಳೋ ಹುಚ್ಚು ಇರೋರಿಗೆ ನನ್ನ ಮಾತು ಇನ್ನೂ ಸರಳ. ಅಸಲಿ ಡರ್ಟಿ ಡಜನ್ ಕೊಳ್ಳೋಕೆ ದುಡ್ಡು ಸಾಲಲ್ವಾ? (ನನಗೂ ಸಾಲಲ್ಲ. ಹನ್ನೆರಡರಲ್ಲಿ ಅತಿ ಕಡಿಮೆ ಮಾಡಿದ್ದು ಗ್ರಾನಾ, ಅದರ ಬೆಲೆ ಕೇಳಿದರೆ ಮನೆ ಲೋನಿನ ನೆನಪಾಗುತ್ತೆ.) ಮುಟ್ಟದ, ಬಳಿಯದ, ಗೀರು ಬಿದ್ದ ಒಂದು ಜನತಾ ಕೊಳ್ಳಿ. ಅದು ಯಾವ ಯುದ್ಧಕ್ಕೂ ಹೋಗಿಲ್ಲ, ಹೋದೆ ಅಂತ ಹೇಳೋದೂ ಇಲ್ಲ. ಜಾಲಹಳ್ಳಿಯಲ್ಲಿ 2019ರಲ್ಲಿ ಶುರುವಾದ ಎಚ್ಎಂಟಿ ಮ್ಯೂಸಿಯಂ ಇದೆ, ಒಂದು ಭಾನುವಾರ ಮಾಲ್ ಬಿಟ್ಟು ಅಲ್ಲಿಗೆ ಹೋಗಿ ಮೂಲ ಡಯಲ್ಲುಗಳನ್ನ ಕಣ್ತುಂಬಾ ನೋಡಿ ಬನ್ನಿ. ಒಂದು ಸಲ ಅಸಲಿ ಅಕ್ಷರ ಕಣ್ಣಿಗೆ ಕೂತರೆ ಆಮೇಲೆ ನಕಲಿ ಹತ್ತಡಿ ದೂರದಿಂದಲೇ ಗೊತ್ತಾಗುತ್ತೆ.

ನಾನೀಗ "ಮಿಲಿಟರಿ" ಅಂತ ಹಾಕಿರೋ ಪ್ರತಿ ಮಾರಾಟಗಾರನಿಗೂ ಮೂರು ಪ್ರಶ್ನೆ ಕಳಿಸ್ತೀನಿ. ಯಂತ್ರದ ಫೋಟೋ ಕೊಡಿ. ಹಿಂದಿನ ಮುಚ್ಚಳದ ಒಳಗಿನ ಫೋಟೋ ಕೊಡಿ. ಡಯಲ್ ಬಣ್ಣ ಯಾವ ವರ್ಷ ಬಳಿದದ್ದು ಹೇಳಿ. ಇಲ್ಲೀವರೆಗೆ ಬಂದ ಉತ್ತರಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದು: "ಸಾರ್, ವಾಚ್ ರನ್ನಿಂಗ್ ಕಂಡೀಷನ್. 1,500ಕ್ಕೆ ತಗೊಳ್ಳಿ. ನೇವಿದು ಬೇಕಾದ್ರೂ ಹೇಳಿ, ನಾಳಿದ್ದು ರೆಡಿ ಮಾಡಿಸ್ತೀನಿ."